ಪರ್ಸಿನಲ್ಲೊಂದು ಚಾಕು

ಪೆನ್ಸಿಲ್ ಕೆತ್ತಲು, ದಾರ ಕತ್ತರಿಸಲು ಪರ್ಸಿನಲ್ಲಿ ಹಿಡಿಸುವಂಥ ತೆಳು ಚಾಕು ಬೇಕೆ? ಮೊದಲು ದಪ್ಪ ನೋಡಿ. ಬ್ಯಾಂಕ್ ಕಾರ್ಡಿನ ದಪ್ಪ 0.76 ಮಿಲಿಮೀಟರ್. ವಿಕ್ಟೋರಿನಾಕ್ಸ್ ಕಂಪನಿಯ ‘ಸ್ವಿಸ್ ಕಾರ್ಡ್’ ಅಂಥ ಐದಾರು ಕಾರ್ಡುಗಳಷ್ಟಾಗುತ್ತದೆ. ಪುಟ್ಟ ಅಲಗು, ಕತ್ತರಿ, ಚಿಮಟ ಅದರೊಳಗೇ ಇವೆ. ಅದೇ ಕಂಪನಿಯ ‘ಕ್ಲಾಸಿಕ್’ ಉದ್ದ 58 ಮಿಲಿಮೀಟರ್, ದಪ್ಪ ಸುಮಾರು 9. ಅದು ಕೀಗೊಂಚಲಿಗೇ ಸರಿ. ಮಡಚುವ ಚಾಕುವಾದರೆ ಬಿಚ್ಚಿದ ಅಲಗು ಅಲುಗಾಡಬಾರದು. ತಟ್ಟನೆ ಮಡಚಿಕೊಂಡರೆ ಬೆರಳಿಗೇ ಗಾಯ.

ತೆಳುವಾದಷ್ಟೂ ಅದು ಪರ್ಸಿನಲ್ಲಿರುವುದೇ ಮರೆತುಹೋಗುತ್ತದೆ. ವಿಮಾನ ಹತ್ತುವ ಮುನ್ನ ತಪಾಸಣೆಯಲ್ಲಿ ಸಿಕ್ಕಿಬೀಳುತ್ತದೆ. ನೀಟ್ ಪರೀಕ್ಷೆಗಂತೂ ಪರ್ಸನ್ನೇ ಒಳಗೆ ಬಿಡುವುದಿಲ್ಲ.

ಪಾಲಕರೇ, ಶಾಲೆಗೆ ಹೋಗುವ ಮಕ್ಕಳಿಗೆ ಶಾರ್ಪನರ್ ಸಾಕು. ಆಟದ ಬಯಲಿನ ಜಗಳದಲ್ಲಿ ಕೈಗೆ ಚಾಕು ಸಿಗಬಾರದು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೆ?