ಗಂಟು ತೆಗೆಯುವ ಮುನ್ನ ಒತ್ತಡದ ಲಗಾಮು

ಮೂತ್ರಪಿಂಡಗಳ ತಲೆಯ ಮೇಲೆ ಪುಟ್ಟ ಟೋಪಿಯಂತೆ ಕುಳಿತಿರುವ ಗ್ರಂಥಿಗಳೇ ಅಡ್ರಿನಲ್. ಹಾವು ಕಂಡಾಗ ಎದೆ ಡವಗುಟ್ಟುವುದು, ಮೈ ಬೆವರುವುದು ಇವು ಸುರಿಸುವ ಅಡ್ರಿನಲಿನ್‌ನಿಂದ. ಹಾವೂ ಇಲ್ಲದೆ, ಹೆದರಿಕೆಯೂ ಇಲ್ಲದೆ ಆಗಾಗ ಹೀಗೇ ಆದರೆ? ತಲೆ ಸಿಡಿಯುವಂಥ ನೋವು, ಬೆವರು, ಎದೆಬಡಿತ ಮೂರೂ ಒಟ್ಟಿಗೆ ಬಂದು, ರಕ್ತದ ಒತ್ತಡ ಒಮ್ಮೆಲೇ ಏರಿ ಇಳಿಯುತ್ತಿದ್ದರೆ ಗ್ರಂಥಿಯಲ್ಲಿ 'ಫಿಯೊಕ್ರೊಮೊಸೈಟೋಮಾ' ಎಂಬ ಗಂಟು ಇರಬಹುದು. ಕಾಯಿಲೆ ಅಪರೂಪ, ರಕ್ತದೊತ್ತಡ ಇರುವವರೆಲ್ಲ ಗಾಬರಿಯಾಗಬೇಕಿಲ್ಲ. ರಕ್ತ ಅಥವಾ 24 ಗಂಟೆಗಳ ಮೂತ್ರದಲ್ಲಿ ಮೆಟನೆಫ್ರಿನ್ ಪರೀಕ್ಷೆ, ನಂತರ ಸ್ಕ್ಯಾನ್ ಮಾಡಿದರೆ ಗುಟ್ಟು ಹೊರಬೀಳುತ್ತದೆ.

ಗಂಟನ್ನು ತೆಗೆಯುವುದೇ ಇದಕ್ಕೆ ಮದ್ದು. 1926ರಲ್ಲಿ ಸ್ವಿಟ್ಜರ್ಲೆಂಡಿನ ಸೀಸರ್ ರೂ, ಅಮೆರಿಕದ ಚಾರ್ಲ್ಸ್ ಮೇಯೊ ಇದನ್ನು ಯಶಸ್ವಿಯಾಗಿ ತೆಗೆದರು. 1992ರಲ್ಲಿ ಲ್ಯಾಪರೊಸ್ಕೋಪ್ ಬಂತು. ಈಗ ರೋಬೋಟ್ ನೆರವೂ ಇದೆ. ಅದು ತಾನಾಗಿ ಕೊಯ್ಯುವುದಿಲ್ಲ. ಸ್ವಲ್ಪ ದೂರದಲ್ಲಿ ಕುಳಿತ ಸರ್ಜನ್ ಕೈಯಾಡಿಸಿದಂತೆ ಅದರ ತೋಳು ಆಡುತ್ತದೆ. ಗಾಯ ಸಣ್ಣದು, ನೋಟ ಸ್ಪಷ್ಟ. ಆದರೆ ಒತ್ತಡದ ಅಪಾಯವನ್ನು ಯಂತ್ರ ಅಳಿಸದು.

ಅಪಾಯದ ಗಳಿಗೆಗಳು ಹಲವು. ಉಸಿರಾಟದ ನಳಿಗೆ ಹಾಕುವಾಗ, ಹೊಟ್ಟೆಗೆ ಇಂಗಾಲದ ಡೈ ಆಕ್ಸೈಡ್ ತುಂಬುವಾಗ, ಗಂಟನ್ನು ಮುಟ್ಟಿದಾಗ ಹಾರ್ಮೋನು ಧುಮುಕಿ ಒತ್ತಡ ಗಗನಕ್ಕೇರಬಹುದು. ಗಂಟಿನ ಅಭಿಧಮನಿಗೆ ಕ್ಲಿಪ್ ಹಾಕಿದೊಡನೆ ಇದರ ತಿರುಗು-ಮುರುಗು: ಒತ್ತಡ ದಢಕ್ಕನೆ ಕುಸಿಯಬಹುದು. ಆದ್ದರಿಂದ ಅರಿವಳಿಕೆ ತಜ್ಞರು ಧಮನಿಗೇ ನಳಿಗೆ ಇಟ್ಟು ಪ್ರತಿ ಬಡಿತದ ಒತ್ತಡ ನೋಡುತ್ತಾರೆ. ಇಳಿಸುವ ಔಷಧ, ಏರಿಸುವ ಔಷಧ, ಡ್ರಿಪ್ ಎಲ್ಲವೂ ಸಿದ್ಧವಿರಬೇಕು. ಕ್ಲಿಪ್ ಹಾಕುವ ಮುನ್ನ ಸರ್ಜನ್ ಅವರಿಗೆ ಹೇಳಬೇಕು. ರೋಬೋಟ್ ತೋಳುಗಳು ರೋಗಿಯನ್ನು ಆವರಿಸಿರುವುದರಿಂದ, ತುರ್ತಿನಲ್ಲಿ ಅವನ್ನು ಬೇಗ ಬಿಡಿಸುವ ಅಭ್ಯಾಸವೂ ತಂಡಕ್ಕಿರಬೇಕು.

ಅರ್ಧ ಯುದ್ಧವನ್ನು ಶಸ್ತ್ರಚಿಕಿತ್ಸೆಗೆ ಮುನ್ನವೇ ಗೆಲ್ಲಬೇಕು. 7ರಿಂದ 14 ದಿನ 'ಆಲ್ಫಾ' ತಡೆ ಮಾತ್ರೆ ನುಂಗಬೇಕು. ಜೊತೆಗೆ ವೈದ್ಯರ ಅಪ್ಪಣೆಯಂತೆ ಉಪ್ಪು, ನೀರು ಧಾರಾಳವಾಗಿರಲಿ; ಇದರಿಂದ ಬಿಗಿದ ರಕ್ತನಾಳ ಸಡಿಲವಾಗಿ ತುಂಬಿಕೊಳ್ಳುತ್ತದೆ. ನಾಡಿ ವೇಗವಾದರೆ 'ಬೀಟಾ' ತಡೆ ಮಾತ್ರೆ, ಅದೂ ಆಲ್ಫಾ ನಂತರವೇ. ಕ್ರಮ ತಪ್ಪಿದರೆ ಒತ್ತಡ ಇನ್ನಷ್ಟು ಏರುತ್ತದೆ. ಆದ್ದರಿಂದ ಮೊದಲಿನ ಮಾತ್ರೆಗಳ ಹೆಸರೆಲ್ಲ ವೈದ್ಯರಿಗೆ ತಿಳಿಸಿ. ನೀವಾಗಿ ಯಾವುದನ್ನೂ ಸೇರಿಸಬೇಡಿ, ನಿಲ್ಲಿಸಬೇಡಿ.

ಶಸ್ತ್ರಚಿಕಿತ್ಸೆಯ ನಂತರ ಒಂದು ದಿನವಾದರೂ ಒತ್ತಡದ ಜೊತೆ ರಕ್ತದ ಸಕ್ಕರೆಯ ಮೇಲೂ ಕಣ್ಣಿರಬೇಕು, ಅದೂ ಕುಸಿಯಬಹುದು. ಕೆಲವರಲ್ಲಿ ಇದು ವಂಶಪಾರಂಪರ್ಯ. ಮನೆಯವರಿಗೂ ಪರೀಕ್ಷೆ ಬೇಕಾದೀತು. ಗಂಟು ಮರುಕಳಿಸುವುದೂ ಉಂಟು. ಹೊಲಿಗೆ ಮಾಗಿತೆಂದು ವರ್ಷಕ್ಕೊಮ್ಮೆಯ ತಪಾಸಣೆ ಮರೆಯಬಾರದು.