ಖಾಕಿ ಬಾಯಲ್ಲಿ ಹಳೇ ಗಾದೆ!

‘ಪೊಲೀಸ್ ಸ್ಟೋರಿ’ಯಲ್ಲಿ (1996) ಸಾಯಿಕುಮಾರ್ ಖಾಕಿ ತೊಟ್ಟು ಗುಡುಗಿದಾಗ ಶಿಳ್ಳೆ ಹೊಡೆಯದವರು ಯಾರಿದ್ದೀರಿ ಹೇಳಿ? ಪರದೆ ಮೇಲಿನ ಇನ್ಸ್‌ಪೆಕ್ಟರು ಮಂತ್ರಿಗೂ ಹೆದರಲ್ಲ. ಆದರೆ ಗಂಡನ ಕೈಲಿ ಏಟು ತಿಂದ ಹೆಂಗಸು ನಿಜವಾದ ಠಾಣೆ ಮೆಟ್ಟಿಲು ಹತ್ತಲಿ, ಎಷ್ಟೋ ಕಡೆ ಕೇಳಿಬರೋ ಡೈಲಾಗೇ ಬೇರೆ.

“ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ. ಮನೆಗೆ ಹೋಗಮ್ಮಾ!”

ಹಿಂದೆಯೇ ಪ್ರಶ್ನೆಗಳು. ನೀನೇನು ಎದುರು ಮಾತಾಡಿದೆ? ಕುಡಿದಿದ್ದನಾ? ಮಕ್ಕಳ ಮುಖ ನೋಡಬಾರದಾ? ಆಮೇಲೆ ಗಂಡನನ್ನು ಕರೆಸಿ, ನಾಲ್ಕು ಬೈದು, ಮುಚ್ಚಳಿಕೆ ಬರೆಸಿ, ಇಬ್ಬರನ್ನೂ ಒಂದೇ ಆಟೋದಲ್ಲಿ ಕಳಿಸಿದರೆ ‘ರಾಜಿ’ ಆಯ್ತು! ಆ ರಾತ್ರಿ ಏನಾಯ್ತು ಅಂತ ಕೇಳೋರಿಲ್ಲ. ಪೊಲೀಸರೂ ತನ್ನ ಕಡೆಯೇ ಅಂತ ಗೊತ್ತಾದವನ ಕೈಗೆ ಇನ್ನೆಲ್ಲಿಯ ತಡೆ?

ಬಸ್‌ಸ್ಟ್ಯಾಂಡಿನಲ್ಲಿ ಯಾವನೋ ಆಕೆಯ ಕೈ ಮುರಿದರೆ ಅದು ಹಲ್ಲೆ. ತಾಳಿ ಕಟ್ಟಿದವನು ಮುರಿದರೆ ‘ಸಂಸಾರದ ವಿಷಯ’! ಮುರಿದ ಮೂಳೆ ಅದೇ ಅಲ್ವೇ ಸ್ವಾಮಿ?

ಇದೇನು ಅಪರೂಪದ ಕಥೆಯಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 18ರಿಂದ 49 ವಯಸ್ಸಿನ, ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 44 ಮಂದಿ ಗಂಡನಿಂದ ಹಿಂಸೆ ಉಂಡವರು.

ಕಾನೂನು ಇಲ್ಲವೇ? ಧಾರಾಳವಾಗಿದೆ. 1983ರಲ್ಲಿ ಬಂದ 498ಎ ಕಲಮು 2024ರ ಜುಲೈನಿಂದ ನ್ಯಾಯ ಸಂಹಿತೆಯ 85ನೇ ಕಲಮಾಗಿದೆ. ಮೂರು ವರ್ಷದವರೆಗೆ ಜೈಲು. 2005ರ ಕೌಟುಂಬಿಕ ಹಿಂಸೆ ಕಾಯ್ದೆಯ 5ನೇ ಕಲಮಂತೂ ಪೊಲೀಸರಿಗೇ ಹೇಳುತ್ತೆ: ರಕ್ಷಣಾಧಿಕಾರಿ ಇದ್ದಾರೆ, ಉಚಿತ ಕಾನೂನು ನೆರವು ಇದೆ, ಕ್ರಿಮಿನಲ್ ದೂರು ಕೊಡೋ ಹಕ್ಕೂ ಇದೆ ಅಂತ ಆಕೆಗೆ ತಿಳಿಸಬೇಕು. ಗಾದೆ ಹೇಳಬೇಕು ಅಂತ ಎಲ್ಲೂ ಬರೆದಿಲ್ಲ! ಕೆಲವರು ಸುಪ್ರೀಂ ಕೋರ್ಟಿನ ಹೆಸರು ಹೇಳ್ತಾರೆ. 2014ರ ಅರ್ನೇಶ್ ಕುಮಾರ್ ತೀರ್ಪು ಕಣ್ಣುಮುಚ್ಚಿ ಬಂಧಿಸಬೇಡಿ ಅಂದಿತೇ ಹೊರತು ದೂರೇ ತಗೋಬೇಡಿ ಅನ್ನಲಿಲ್ಲ.

ಎಲ್ಲ ಪೊಲೀಸರೂ ಹಾಗಲ್ಲ, ನಿಜ. ಆದರೆ ಯಾರು ಸಿಕ್ಕಾರು ಅನ್ನೋದು ಆಕೆಗೆ ಲಾಟರಿ ಆಗಬಾರದು.

ಅದಕ್ಕೇ ಗೆಳೆಯರೇ, ಅಕ್ಕನೋ ಪಕ್ಕದ ಮನೆಯಾಕೆಯೋ ಠಾಣೆಗೆ ಹೊರಟರೆ ಜೊತೆಗೆ ಹೋಗಿ. ದೂರು ಬರಹದಲ್ಲಿರಲಿ. ಠಾಣೆಯಲ್ಲಿ ತಗೊಳ್ಳದಿದ್ದರೆ ಎಸ್.ಪಿ.ಗೆ ಅಂಚೆಯಲ್ಲಿ ಕಳಿಸಬಹುದು. ತುರ್ತಿಗೆ 112, ಮಹಿಳಾ ಸಹಾಯವಾಣಿ 181.

ಇನ್ನೊಂದು ಮಾತು. ಗಾದೆ ಹೇಳೋ ಪೊಲೀಸಪ್ಪನೂ ನಮ್ಮ ಜೊತೆ ಸಿನಿಮಾ ನೋಡಿ ಬೆಳೆದವನೇ. ಹೀರೋ ಹೀರೋಯಿನ್ ಕೆನ್ನೆಗೆ ಬಾರಿಸಿದಾಗ ಥಿಯೇಟರೆಲ್ಲ ಚಪ್ಪಾಳೆ ಹೊಡೆದದ್ದು ಅವನಿಗೂ ಕೇಳಿಸಿದೆ. ಮುಂದಿನ ಸಲ ಅಂಥ ಸೀನು ಬಂದಾಗ ಶಿಳ್ಳೆ ಬಾಯಲ್ಲೇ ಇರಲಿ!