ನಮ್ಮ ಹೊಲದ ಕರಿಗಲ್ಲು ಆ ಪಟ್ಟಿಯಲ್ಲಿ ಯಾಕಿಲ್ಲ?



ಹೋದ ವರ್ಷ ವಿಜ್ಞಾನ ದಿನಕ್ಕೆಂದು ನಮ್ಮ ಎಂಟನೆಯ ತರಗತಿಯ ಮಕ್ಕಳು ಒಂದು ದೊಡ್ಡ ಚಾರ್ಟ್ ಬರೆದರು. ‘ಜಗತ್ತಿನ ಅತಿ ದೊಡ್ಡ ಜ್ವಾಲಾಮುಖಿ ಸ್ಫೋಟಗಳು’ ಎಂಬುದು ಅದರ ತಲೆಬರಹ. ಮೇಲೆ ಟೋಬಾ, ಅದರ ಕೆಳಗೆ ತಂಬೋರಾ, ಆಮೇಲೆ ಕ್ರಕಟೋವಾ, ಪಿನಾಟುಬೊ. ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ, ಚಂದದ ಅಕ್ಷರದಲ್ಲಿ. ನಾನು ಶಾಬಾಸ್ ಅಂದೆ. ಅಷ್ಟರಲ್ಲಿ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು.

“ಸರ, ನಮ್ಮ ಹೊಲದಾಗಿನ ಕರಿಕಲ್ಲೂ ಜ್ವಾಲಾಮುಖಿಯಿಂದನ ಬಂದದ್ದು ಅಂತ ನೀವ ಹೇಳೀರಿ. ಮತ್ತ ಅದು ಈ ಪಟ್ಟಿಯೊಳಗ ಯಾಕ ಇಲ್ಲರಿ?”

ಆ ಹೊತ್ತಿಗೆ ನನ್ನ ಬಳಿ ಸರಿಯಾದ ಉತ್ತರ ಇರಲಿಲ್ಲ. “ನಾಳೆ ಹೇಳ್ತೀನಿ ಕೂಡವ್ವಾ” ಅಂದುಬಿಟ್ಟೆ. ಆ ನಾಳೆ ಈಗ ಬಂದಿದೆ. ಬರೀ ಗಾತ್ರ ನೋಡಿ ಮಾಡಿದ ಪಟ್ಟಿ ಅರ್ಧ ಪಟ್ಟಿ ಎಂಬುದು ನನ್ನ ಅಭಿಪ್ರಾಯ. ಸ್ಫೋಟದಿಂದ ಹವಾಮಾನಕ್ಕೆ ಏನಾಯಿತು ಎಂದು ತಿಳಿಯಬೇಕಾದರೆ ನಮ್ಮ ಚಾರ್ಟಿಗೆ ಇನ್ನೂ ಕೆಲವು ಕಾಲಂ ಬೇಕು.

ಮೊದಲು ಈ ‘ಗಾತ್ರ’ ಅಂದರೇನು ನೋಡೋಣ. 1982ರಲ್ಲಿ ಕ್ರಿಸ್ ನ್ಯೂಹಾಲ್ ಮತ್ತು ಸ್ಟೀಫನ್ ಸೆಲ್ಫ್ ಎಂಬ ವಿಜ್ಞಾನಿಗಳು 0ಯಿಂದ 8ರವರೆಗಿನ ಸ್ಫೋಟ ಸೂಚ್ಯಂಕವೊಂದನ್ನು ರೂಪಿಸಿದರು. ಬೂದಿ, ಕಲ್ಲು ಎಷ್ಟು ಹೊರಬಿತ್ತು ಎಂಬುದು ಅದರ ಮುಖ್ಯ ಅಳತೆ. 1 ಘನ ಕಿಲೋಮೀಟರಿಗೆ ಮಿಕ್ಕಿದರೆ 5, ಹತ್ತಕ್ಕೆ ಮಿಕ್ಕಿದರೆ 6, ನೂರಕ್ಕೆ ಮಿಕ್ಕಿದರೆ 7, ಸಾವಿರಕ್ಕೆ ಮಿಕ್ಕಿದರೆ 8. ಒಳ್ಳೆಯ ಅಳತೆಯೇ. ಆದರೆ ಆಕಾಶಕ್ಕೆ ಎಷ್ಟು ಗಂಧಕ ಹೋಯಿತು ಎಂಬುದನ್ನು ಇದು ಹೇಳುವುದಿಲ್ಲ.

ಅದರಿಂದೇನು ವ್ಯತ್ಯಾಸ ಅಂತೀರಾ? ಅಮೆರಿಕದ ಸೇಂಟ್ ಹೆಲೆನ್ಸ್ 1980ರಲ್ಲಿ ಸಿಡಿಯಿತು. ಮೆಕ್ಸಿಕೊದ ಎಲ್ ಚಿಚೋನ್ 1982ರಲ್ಲಿ ಸಿಡಿಯಿತು. ಎರಡಕ್ಕೂ ಸೂಚ್ಯಂಕ 5. ಆದರೆ ಸೇಂಟ್ ಹೆಲೆನ್ಸ್ ಉಗುಳಿದ್ದು ಸುಮಾರು 10 ಲಕ್ಷ ಟನ್ ಗಂಧಕದ ಡೈಆಕ್ಸೈಡ್, ಎಲ್ ಚಿಚೋನ್ ಸುಮಾರು 70 ಲಕ್ಷ ಟನ್. ಮೊದಲನೆಯದರಿಂದ ಜಗತ್ತಿನ ಹವಾಮಾನಕ್ಕೆ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ಎರಡನೆಯದು ಭೂಮಿಯ ಮೇಲೆಲ್ಲ ತೆಳ್ಳನೆಯ ಮಬ್ಬು ಹರಡಿತು. ಗಾತ್ರದ ಪಟ್ಟಿಯಲ್ಲಿ ಮಾತ್ರ ಇವೆರಡೂ ಒಂದೇ ಸಾಲಿನಲ್ಲಿ ಕೂರುತ್ತವೆ!

ಕಾರಣ ಸರಳ. ಬೂದಿ ಭಾರ, ಕೆಲವು ದಿನ ಅಥವಾ ವಾರಗಳಲ್ಲಿ ಬಹುಪಾಲು ಕೆಳಗೆ ಬೀಳುತ್ತದೆ. ಗಂಧಕದ ಡೈಆಕ್ಸೈಡ್ ಹಾಗಲ್ಲ. ಅದು ಮಳೆಮೋಡಗಳನ್ನೂ ದಾಟಿ ಸಮೋಷ್ಣ ಮಂಡಲಕ್ಕೆ ಏರಿದರೆ, ಅಲ್ಲಿ ನೀರಿನ ಆವಿಯ ಜೊತೆ ಸೇರಿ ಗಂಧಕಾಮ್ಲದ ಸಣ್ಣ ಸಣ್ಣ ಹನಿಗಳಾಗುತ್ತದೆ. ಅಷ್ಟು ಎತ್ತರದಲ್ಲಿ ತೊಳೆದು ಹಾಕಲು ಮಳೆಯೇ ಇಲ್ಲ. ಹಾಗಾಗಿ ಹನಿಗಳು ಒಂದೆರಡು ವರ್ಷ ಅಲ್ಲೇ ತೇಲಾಡುತ್ತವೆ, ಬಿಸಿಲಿನ ಒಂದು ಪಾಲನ್ನು ಹಿಂದಕ್ಕೆ ಕಳಿಸುತ್ತವೆ. ಬೇಸಗೆಯಲ್ಲಿ ಅಂಗಳಕ್ಕೆ ತೆಳು ಬಟ್ಟೆ ಕಟ್ಟಿದ ಹಾಗೆ.

1991ರ ಜೂನ್ 15ರಂದು ಫಿಲಿಪೀನ್ಸಿನ ಪಿನಾಟುಬೊ ಸಿಡಿದಾಗ ಇದನ್ನು ಉಪಗ್ರಹಗಳಿಂದಲೇ ಅಳೆದರು. ಒಂದೂವರೆ ಕೋಟಿ ಟನ್ನಿಗೂ ಹೆಚ್ಚು ಗಂಧಕದ ಡೈಆಕ್ಸೈಡ್ ಮೇಲೇರಿತ್ತು. ಮರುವರ್ಷ ಭೂಮಿಯ ಸರಾಸರಿ ಉಷ್ಣತೆ ಸುಮಾರು ಅರ್ಧ ಡಿಗ್ರಿ ಇಳಿಯಿತು. ಅರ್ಧ ಡಿಗ್ರಿ ಅಂದರೆ ಏನು ಮಹಾ ಅನ್ನಬೇಡಿ. ಬಿಸಿಲು ಕಡಿಮೆಯಾದರೆ ನೀರು ಆವಿಯಾಗುವುದೂ ಕಡಿಮೆ. 1992ರಲ್ಲಿ ಜಗತ್ತಿನ ಭೂಭಾಗಗಳ ಮೇಲೆ ಬಿದ್ದ ಒಟ್ಟು ಮಳೆಯೂ ಕಡಿಮೆಯಾಗಿತ್ತು. ಮಳೆ ನಂಬಿ ಜೋಳ, ತೊಗರಿ ಬಿತ್ತುವ ಮನೆಯವರಾದ ನಿಮಗೆ ಇದರ ಅರ್ಥ ನಾನು ಬಿಡಿಸಿ ಹೇಳಬೇಕಿಲ್ಲ.

ಇನ್ನು ಐಸ್‌ಲ್ಯಾಂಡಿನ ಲಾಕಿ. 1783ರ ಜೂನ್‌ನಲ್ಲಿ ಅಲ್ಲಿ ಸುಮಾರು 27 ಕಿಲೋಮೀಟರ್ ಉದ್ದಕ್ಕೆ ನೆಲ ಬಿರಿಯಿತು. ದೊಡ್ಡ ಸದ್ದಿನ ಸ್ಫೋಟಕ್ಕಿಂತ ಹೆಚ್ಚಾಗಿ ಎಂಟು ತಿಂಗಳು ಲಾವಾ ಹರಿದದ್ದೇ ಮುಖ್ಯ. ಸೂಚ್ಯಂಕ ಬರೀ 4. ಆದರೆ ಹೊರಬಿದ್ದ ಗಂಧಕದ ಡೈಆಕ್ಸೈಡ್ ಸುಮಾರು 12 ಕೋಟಿ ಟನ್, ಪಿನಾಟುಬೊಗಿಂತ ಎಷ್ಟೋ ಪಟ್ಟು ಹೆಚ್ಚು. ಫ್ಲೋರಿನ್ ಬೆರೆತ ಹುಲ್ಲು ಮೇಯ್ದು ಕುರಿಗಳು ಸತ್ತವು, ದನಗಳು ಸತ್ತವು. ಹಿಂದೆಯೇ ಬಂದ ಬರದಲ್ಲಿ ಆ ದ್ವೀಪದ ಐದರಲ್ಲಿ ಒಂದು ಪಾಲು ಜನ ತೀರಿಕೊಂಡರು. ಯುರೋಪಿನ ಮೇಲೂ ಒಣ ಮಂಜು ಕವಿಯಿತು. ‘ದೊಡ್ಡ ಸ್ಫೋಟಗಳ’ ಪಟ್ಟಿಯಲ್ಲಿ ಹುಡುಕಿ, ಲಾಕಿ ಸಿಗುವುದಿಲ್ಲ.

ಆ ಹುಡುಗಿಯ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ನಾವು ನಿಂತಿರುವ ಕರಿಗಲ್ಲು ಲಾಕಿಯ ಜಾತಿಯದ್ದು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲದ ಬಿರುಕುಗಳಿಂದ ಲಾವಾ ಪದರದ ಮೇಲೆ ಪದರವಾಗಿ ಹರಿಯಿತು. ಇವತ್ತಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರಿನಷ್ಟು ಉಳಿದಿದೆ. ಅದು ಸವೆದೇ ನಮ್ಮ ಎರೆಮಣ್ಣಾಯಿತು. ಅದು ಮುಖ್ಯವಾಗಿ ಸಿಡಿದದ್ದಲ್ಲ, ಹರಿದದ್ದು. ಅದಕ್ಕೇ ಸಿಡಿತದ ಪಟ್ಟಿಯಲ್ಲಿ ಅದಕ್ಕೆ ಜಾಗವಿಲ್ಲ. ಡೈನೋಸಾರ್‌ಗಳ ಅಳಿವಿನಲ್ಲಿ ಅದರ ಅನಿಲಗಳ ಪಾಲೆಷ್ಟು, ಬಂದು ಬಡಿದ ಕ್ಷುದ್ರಗ್ರಹದ ಪಾಲೆಷ್ಟು ಎಂಬ ಚರ್ಚೆ ಇನ್ನೂ ನಡೆದಿದೆ. ಇಂಥದ್ದನ್ನು ಬಿಟ್ಟ ಪಟ್ಟಿಯನ್ನು ಪೂರ್ತಿ ಅನ್ನುವುದು ಹೇಗೆ?

ಇನ್ನೊಂದು ಕಾಲಂ ಬೇಕು: ‘ಇದು ನಮಗೆ ಹೇಗೆ ಗೊತ್ತಾಯಿತು?’ 1883ರ ಕ್ರಕಟೋವಾ ಹೆಸರು ಎಲ್ಲರ ಬಾಯಲ್ಲಿದೆ. ಅದಕ್ಕಿಂತ ಎಷ್ಟೋ ದೊಡ್ಡದಾದ 1815ರ ತಂಬೋರಾ ಹೆಸರು ಕೆಲವರಿಗಷ್ಟೇ ಗೊತ್ತು. ಕ್ರಕಟೋವಾ ಹೊತ್ತಿಗೆ ತಂತಿ ಬಂದಿತ್ತು, ಸುದ್ದಿ ಬೇಗ ಊರೂರಿಗೆ ಮುಟ್ಟಿತು. ತಂಬೋರಾ ಸುದ್ದಿ ಹಡಗಿನಲ್ಲಿ ತಿಂಗಳುಗಟ್ಟಲೆ ಸಾಗಿತು. 1816ರಲ್ಲಿ ಯುರೋಪಿನಲ್ಲಿ ಬೇಸಗೆಯೇ ಬಾರದೆ ಬೆಳೆ ಹಾಳಾದಾಗ, ಅದಕ್ಕೆ ಇಂಡೋನೇಷ್ಯಾದ ಬೆಟ್ಟವೊಂದು ಕಾರಣ ಎಂದು ಅಲ್ಲಿನ ರೈತರಿಗೆ ಗೊತ್ತೇ ಇರಲಿಲ್ಲ.

ಇನ್ನೂ ಸ್ವಾರಸ್ಯದ್ದು 1257ರದು. ಗ್ರೀನ್‌ಲ್ಯಾಂಡ್ ಮತ್ತು ಅಂಟಾರ್ಕ್ಟಿಕಾ ಎರಡೂ ಕಡೆಯ ಹಳೆಯ ಹಿಮದ ಪದರಗಳಲ್ಲಿ ಆ ಕಾಲದ ಗಂಧಕದ ಗುರುತು ಸಿಕ್ಕಿತ್ತು, ಬೆಟ್ಟ ಮಾತ್ರ ಸಿಕ್ಕಿರಲಿಲ್ಲ. 2013ರಲ್ಲಿ ಅದು ಇಂಡೋನೇಷ್ಯಾದ ಲೊಂಬೊಕ್ ದ್ವೀಪದ ಸಮಾಲಸ್ ಎಂದು ವಿಜ್ಞಾನಿಗಳು ತೋರಿಸಿಕೊಟ್ಟರು. ಆ ಬೆಟ್ಟದ ಹೆಸರು, ಅದು ನುಂಗಿದ ಪಮಾತಾನ್ ಊರಿನ ಹೆಸರು ಹಳೆಯ ಜಾವಾ ಭಾಷೆಯ ತಾಳೆಗರಿಗಳಲ್ಲಿ ಉಳಿದಿದ್ದವು. ಯಾರೋ ತಮ್ಮ ಭಾಷೆಯಲ್ಲಿ ಬರೆದಿಟ್ಟದ್ದು ನೂರಾರು ವರ್ಷದ ಮೇಲೆ ಜಗತ್ತಿನ ವಿಜ್ಞಾನಕ್ಕೆ ಸಾಕ್ಷಿಯಾಯಿತು. ಗಡಿಯಾಚೆ ಕನ್ನಡದಲ್ಲಿ ಓದಿ ಏನು ಉಪಯೋಗ ಎಂದು ನಿಮ್ಮನ್ನು ಕೇಳುವವರಿಗೆ ಇದನ್ನೊಮ್ಮೆ ಹೇಳಿ. 1808ರ ಸುಮಾರಿಗೆ ಆದ ಇನ್ನೊಂದು ದೊಡ್ಡ ಸ್ಫೋಟದ ಗುರುತೂ ಹಿಮದಲ್ಲಿದೆ. ಆ ಬೆಟ್ಟ ಯಾವುದೆಂದು ಇನ್ನೂ ಖಚಿತವಾಗಿಲ್ಲ.

ಪಟ್ಟಿಯ ತುದಿಯಲ್ಲಿರುವ ಟೋಬಾ ಬಗ್ಗೆಯೂ ಎಚ್ಚರ ಬೇಕು. ಸುಮಾರು 74,000 ವರ್ಷಗಳ ಹಿಂದೆ ಅದು ಸಿಡಿದಾಗ ಮನುಷ್ಯಕುಲವೇ ಅಳಿವಿನಂಚಿಗೆ ಬಂತು ಎಂದು ಓದಿರುತ್ತೀರಿ. ಅದರ ಬೂದಿ ಆಂಧ್ರದ ಕರ್ನೂಲು ಸೀಮೆಯ ಜ್ವಾಲಾಪುರಂನಲ್ಲಿ ಸಿಕ್ಕಿದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಅವರೂ ಇದ್ದ ತಂಡ ಅಲ್ಲಿ ಅಗೆದಾಗ ಬೂದಿಯ ಕೆಳಗೂ ಮೇಲೂ ಒಂದೇ ಬಗೆಯ ಕಲ್ಲಿನ ಆಯುಧಗಳು ಸಿಕ್ಕವು. 2007ರಲ್ಲಿ ಇದು ಪ್ರಕಟವಾಯಿತು. ಅಂದರೆ ಅಷ್ಟು ದೊಡ್ಡ ಸ್ಫೋಟದ ಆಮೇಲೂ ಇಲ್ಲಿ ಜನ ಬದುಕಿದ್ದರು ಎಂದು ಆ ತಂಡ ವಾದಿಸಿತು. ಗಾತ್ರ ದೊಡ್ಡದು ಅಂದಮಾತ್ರಕ್ಕೆ ಪರಿಣಾಮವನ್ನು ಊಹಿಸಿ ಬರೆಯುವ ಹಾಗಿಲ್ಲ, ಅದನ್ನೂ ಅಗೆದು ನೋಡಬೇಕು.

“ಪರೀಕ್ಷೆಗೆ ಇಷ್ಟೆಲ್ಲ ಬೇಕಾ ಸರ್?” ಅಂತ ಕೆಲವರು ಕೇಳಬಹುದು. ಪರೀಕ್ಷೆಗೆ ಹೆಸರು, ಇಸವಿ ಸಾಕಾಗಬಹುದು. ಆದರೆ ನಾಳೆ ಎಲ್ಲೋ ಒಂದು ಬೆಟ್ಟ ಸಿಡಿಯಿತು ಎಂದು ಮೊಬೈಲ್‌ನಲ್ಲಿ ಸುದ್ದಿ ಬಂದಾಗ, ಹೆದರಬೇಕೋ ಬೇಡವೋ ಎಂದು ತೂಗಿ ನೋಡುವವರು ನೀವಾಗಬೇಕು. ಹೊಗೆಯ ಚಿತ್ರ ನೋಡಿ ಗಾಬರಿಯಾಗುವ ಬದಲು ‘ಗಂಧಕ ಎಷ್ಟು? ಎಷ್ಟು ಎತ್ತರಕ್ಕೆ ಏರಿತು?’ ಎಂದು ಕೇಳಿ.

ಈ ತಿಂಗಳು ನಿಮ್ಮ ತರಗತಿಯ ಚಾರ್ಟಿಗೆ ಐದು ಕಾಲಂ ಹಾಕಿ: ಗಾತ್ರ, ಗಂಧಕ, ಎಷ್ಟು ದಿನ ನಡೆಯಿತು, ಹವಾಮಾನಕ್ಕೆ ಏನಾಯಿತು, ಹೇಗೆ ಗೊತ್ತಾಯಿತು. ಗೊತ್ತಿಲ್ಲದ ಕಡೆ ಖಾಲಿ ಬಿಡಿ, ಸುಮ್ಮನೆ ತುಂಬಬೇಡಿ. ನಮ್ಮ ಶಾಲೆಯ ಹೊಸ ಚಾರ್ಟಿನಲ್ಲಿ ದಖ್ಖನ್ನಿನ ಲಾವಾಕ್ಕೆ ಒಂದು ಸಾಲು ಬಂದಿದೆ. ಅದನ್ನು ಬರೆದವಳು ಆ ಹುಡುಗಿಯೇ.